ಗೆದ್ದವನ ಕಾರಿಗೆ ಭಾರ ಹೇರುವುದು ನ್ಯಾಯವೇ?

ಗೆದ್ದವರಿಗೆ ಬಹುಮಾನ ಕೊಡುವ ಆಟಗಳು ನಮಗೆಲ್ಲ ಗೊತ್ತು. ಗೆದ್ದವರ ವೇಗ ಕಡಿಮೆ ಮಾಡಿ ಮುಂದಿನ ಪಂದ್ಯಕ್ಕೆ ಕಳಿಸುವ ಆಟವೂ ಒಂದಿದೆ. ಅದು ಬ್ರಿಟಿಷ್ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್. ಅಭಿಮಾನಿಗಳು ಚಿಕ್ಕದಾಗಿ ಬಿಟಿಸಿಸಿ ಎನ್ನುತ್ತಾರೆ. ಅಕ್ಟೋಬರ್‌ನಲ್ಲಿ ಸೀಸನ್ ಮುಗಿದರೆ ಏಪ್ರಿಲ್‌ವರೆಗೆ ರೇಸ್ ಇರುವುದಿಲ್ಲ. ಆ ಆರು ತಿಂಗಳು ಅಭಿಮಾನಿಗಳಿಗೆ ಇರುವುದು ಒಂದೇ ಕೆಲಸ: ಮುಂದಿನ ಸೀಸನ್ನಿನ ನಿಯಮಗಳ ಬಗ್ಗೆ ಜಗಳವಾಡುವುದು. ನಮ್ಮ ಕಾಲೇಜಿನಲ್ಲಿ ಈ ರೇಸ್ ನೋಡುವವರು ನನಗೆ ತಿಳಿದಂತೆ ನಾಲ್ಕೇ ಜನ (ಕ್ರಿಕೆಟ್ ನೋಡುವವರು ನಾನೂರು). ಆ ನಾಲ್ವರಲ್ಲಿ ಇಬ್ಬರು ಆ ಕಡೆ, ಇಬ್ಬರು ಈ ಕಡೆ. ನಾನು ಯಾವ ಕಡೆ, ಯಾಕೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ಮೊದಲು ಸ್ವಲ್ಪ ವಿವರ. ಫಾರ್ಮುಲಾ ಒನ್ ಕಾರು ರಸ್ತೆಯ ಮೇಲೆ ಕಾಣಸಿಗುವಂಥದ್ದಲ್ಲ. ಟೂರಿಂಗ್ ಕಾರ್ ಹಾಗಲ್ಲ. ಹೊರಗಿನಿಂದ ನೋಡಿದರೆ ಅದು ಶೋರೂಮಿನಲ್ಲಿ ನಿಂತಿರುವ ಮನೆ ಬಳಕೆಯ ಕಾರು. ಒಳಗೆ ಮಾತ್ರ ಸೀಟು, ಕಾರ್ಪೆಟ್ ಎಲ್ಲ ಕಿತ್ತು, ಕಬ್ಬಿಣದ ಪಂಜರ ಕೂಡಿಸಿ, ರೇಸಿಗೆ ತಯಾರು ಮಾಡಿರುತ್ತಾರೆ. ಬಿಟಿಸಿಸಿಯಲ್ಲಿ ವರ್ಷಕ್ಕೆ ಹತ್ತು ವಾರಾಂತ್ಯ, ಪ್ರತಿ ವಾರಾಂತ್ಯಕ್ಕೆ ಮೂರು ರೇಸ್, ಒಟ್ಟು ಮೂವತ್ತು. ಮೊದಲು ಬಂದವರಿಗೆ 20 ಅಂಕ, ಎರಡನೆಯವರಿಗೆ 17, ಹೀಗೆ ಇಳಿಯುತ್ತಾ ಹದಿನೈದನೆಯವರಿಗೆ 1. ಕಾರುಗಳು ಒಂದಕ್ಕೊಂದು ತಾಗುತ್ತವೆ, ಬಂಪರ್ ಹಾರಿಹೋಗುತ್ತದೆ, ಕನ್ನಡಿ ನೇತಾಡುತ್ತಿದ್ದರೂ ಡ್ರೈವರ್ ಬಿಡುವುದಿಲ್ಲ. ನನ್ನ ಮಾಮು ಗ್ಯಾರೇಜ್ ಇಟ್ಟಿದ್ದಾರೆ. ಒಮ್ಮೆ ನನ್ನ ಫೋನಿನಲ್ಲಿ ಒಂದು ರೇಸ್ ನೋಡಿ, "ಇವರಿಗೆಲ್ಲ ನಮ್ಮ ಗ್ಯಾರೇಜಿನ ವಿಳಾಸ ಕೊಡು" ಎಂದಿದ್ದರು.

ಈಗ ವಿವಾದಕ್ಕೆ ಬರೋಣ. 2021ರವರೆಗೆ ಅಂಕಪಟ್ಟಿಯಲ್ಲಿ ಮುಂದಿದ್ದವರ ಕಾರಿನಲ್ಲಿ ಸೀಸದ ಗಟ್ಟಿಗಳನ್ನು ಇಟ್ಟು ಬಿಗಿಯುತ್ತಿದ್ದರು. ಆ ವರ್ಷ ಅಗ್ರಸ್ಥಾನದಲ್ಲಿದ್ದವರಿಗೆ 75 ಕಿಲೋ. ಅಂದರೆ ಒಂದೂವರೆ ಮೂಟೆ ಸಿಮೆಂಟ್. ಅಥವಾ ನಮ್ಮ ಪಿ.ಟಿ. ಸರ್ ಪಕ್ಕದ ಸೀಟಿನಲ್ಲಿ ಕುಳಿತ ಹಾಗೆ (ಕ್ಷಮಿಸಿ ಸರ್). ಎರಡನೆಯವರಿಗೆ ಅದಕ್ಕಿಂತ ಕಡಿಮೆ, ಮೂರನೆಯವರಿಗೆ ಇನ್ನೂ ಕಡಿಮೆ, ಹೀಗೆ ಕೆಳಗೆ ಹೋದಂತೆ ಭಾರ ಇಳಿಯುತ್ತಿತ್ತು. ಇದಕ್ಕೆ 'ಸಕ್ಸೆಸ್ ಬ್ಯಾಲಸ್ಟ್' ಎಂದು ಹೆಸರು. ಗೆಲುವಿನ ಭಾರ ಅನ್ನಬಹುದು.

2022ರಲ್ಲಿ ಸೀಸ ಹೋಯಿತು, ಹೈಬ್ರಿಡ್ ಬಂತು. ಎಲ್ಲ ಕಾರುಗಳಿಗೂ ಕಾಸ್ವರ್ತ್ ಕಂಪನಿಯ ಒಂದೇ ಬಗೆಯ ಬ್ಯಾಟರಿ ಮತ್ತು ಮೋಟಾರ್. ಒಂದು ಸುತ್ತಿಗೆ ಹೆಚ್ಚೆಂದರೆ 15 ಸೆಕೆಂಡ್ ಅದರ ಹೆಚ್ಚುವರಿ ಶಕ್ತಿಯನ್ನು ಬಳಸಬಹುದಿತ್ತು. ಮುಂದಿರುವವರಿಗೆ ಆ ಸೆಕೆಂಡುಗಳಲ್ಲಿ ಕಡಿತ. 2025ಕ್ಕೆ ಹೈಬ್ರಿಡ್ ಕೂಡ ಹೋಯಿತು. ಈಗ ಅದೇ ಕೆಲಸವನ್ನು ಟರ್ಬೊ ಮಾಡುತ್ತದೆ. ಹೆಚ್ಚುವರಿ ಟರ್ಬೊ ಶಕ್ತಿ ಹಿಂದಿರುವವರಿಗೆ ಜಾಸ್ತಿ, ಮುಂದಿರುವವರಿಗೆ ಕಡಿಮೆ. ಸೀಸ, ಬ್ಯಾಟರಿ, ಟರ್ಬೊ ಎಂದು ಮೂರು ವೇಷ ಬದಲಾದರೂ ಒಳಗಿನ ತತ್ವ ಅದೇ: ಗೆದ್ದಷ್ಟೂ ಮುಂದಿನ ಗೆಲುವು ಕಷ್ಟ.

ನಮ್ಮ ಮನೆಯಲ್ಲಿ ಇದನ್ನು ವಿವರಿಸಿದಾಗ ಅಬ್ಬಾ ಹೇಳಿದ್ದು: "ಜೀತೆ ಸೋ ಆದ್ಮೀಕು ಸಜಾ? ಯೇ ಕೈಸಾ ಇನ್ಸಾಫ್?" ಗೆದ್ದವನಿಗೇ ಶಿಕ್ಷೆಯೇ, ಇದೆಂಥ ನ್ಯಾಯ ಎಂದು. ಕಾಲೇಜಿನಲ್ಲಿ ನನ್ನ ಎದುರು ಕಡೆಯ ಗೆಳೆಯ ಇದೇ ಪ್ರಶ್ನೆಯನ್ನು ಇನ್ನೂ ಹರಿತವಾಗಿ ಕೇಳುತ್ತಾನೆ. "ಮಿಡ್‌ಟರ್ಮ್‌ನಲ್ಲಿ ಅಕೌಂಟೆನ್ಸಿಗೆ ಫಸ್ಟ್ ಬಂದವರಿಗೆ ಪ್ರಿಪರೇಟರಿಯಲ್ಲಿ ಹತ್ತು ನಿಮಿಷ ಕಡಿಮೆ ಕೊಟ್ಟರೆ ನೀನು ಒಪ್ಪುತ್ತೀಯಾ?"

ಒಪ್ಪುವುದಿಲ್ಲ. ಆದರೆ ಪರೀಕ್ಷೆ ಮತ್ತು ರೇಸ್ ಒಂದೇ ಜಾತಿಯವಲ್ಲ. ಪರೀಕ್ಷೆಯಲ್ಲಿ ನಾನು ತೊಂಬತ್ತು ತೆಗೆದರೆ ನಿನ್ನ ತೊಂಬತ್ತು ಕಡಿಮೆಯಾಗುವುದಿಲ್ಲ. ಇಡೀ ತರಗತಿ ಡಿಸ್ಟಿಂಕ್ಷನ್ ತೆಗೆಯಬಹುದು. ಉಳಿದವರೆಲ್ಲ ಗೈರುಹಾಜರಾದರೂ ನನ್ನ ಪರೀಕ್ಷೆ ನಡೆಯುತ್ತದೆ. ರೇಸ್ ಹಾಗಲ್ಲ. ಅಲ್ಲಿ ಗೆಲ್ಲುವವರು ಒಬ್ಬರೇ, ಮತ್ತು ಸೋಲುವ ಇಪ್ಪತ್ತು ಜನ ಬರದಿದ್ದರೆ ಗೆಲ್ಲುವವರಿಗೂ ರೇಸ್ ಇಲ್ಲ. ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಕಾಣುವುದು ಇದು: ಬೇರೆ ವ್ಯಾಪಾರದಲ್ಲಿ ಎದುರಾಳಿ ಅಂಗಡಿ ಮುಚ್ಚಿದರೆ ಲಾಭ. ರೇಸಿನ ವ್ಯಾಪಾರದಲ್ಲಿ ಎದುರಾಳಿ ಮುಚ್ಚಿದರೆ ನೀನೂ ಮುಚ್ಚುತ್ತೀಯಾ. ಅವನೇ ನಿನ್ನ ಅರ್ಧ ಸರಕು.

ಇನ್ನೊಂದು ವಿಷಯ. ಗೆದ್ದ ತಂಡಕ್ಕೆ ಪ್ರಾಯೋಜಕರು ಬರುತ್ತಾರೆ. ಪ್ರಾಯೋಜಕರ ದುಡ್ಡಿನಿಂದ ಒಳ್ಳೆಯ ಎಂಜಿನಿಯರ್, ಹೆಚ್ಚು ಪರೀಕ್ಷಾ ಓಟ, ಮತ್ತೆ ಗೆಲುವು, ಮತ್ತೆ ದುಡ್ಡು. ಈ ಚಕ್ರ ತಾನಾಗಿ ನಿಲ್ಲುವುದಿಲ್ಲ. ಕೊನೆಗೆ ಸ್ಪರ್ಧೆ ಇರುವುದು ಚಾಲಕರ ನಡುವೆಯೋ ಬ್ಯಾಲೆನ್ಸ್ ಶೀಟುಗಳ ನಡುವೆಯೋ ಹೇಳುವುದು ಕಷ್ಟ. ನಮ್ಮ ಬೀದಿಯ ಕ್ರಿಕೆಟ್ಟಿನಲ್ಲಿ ದೊಡ್ಡ ಹುಡುಗರು ಸೇರಿದರೆ ಅವರು ಎಡಗೈಯಲ್ಲಿ ಬ್ಯಾಟ್ ಮಾಡಬೇಕು ಎಂಬ ನಿಯಮವಿದೆ. ಯಾರೂ ಅದನ್ನು ಅನ್ಯಾಯ ಎಂದಿಲ್ಲ. ಆ ನಿಯಮ ಇಲ್ಲದಿದ್ದರೆ ಚಿಕ್ಕವರು ಸಂಜೆ ಬರುವುದನ್ನೇ ನಿಲ್ಲಿಸುತ್ತಾರೆ, ಬಾಲ್ ತರುವವರೂ ಅವರೇ.

ನ್ಯಾಯದ ಈ ಪ್ರಶ್ನೆ ಬಿಟಿಸಿಸಿಯ ಹುಟ್ಟಿನಿಂದಲೇ ಇದೆ. ಅದು ಶುರುವಾದದ್ದು 1958ರಲ್ಲಿ, ಬ್ರಿಟಿಷ್ ಸಲೂನ್ ಕಾರ್ ಚಾಂಪಿಯನ್‌ಷಿಪ್ ಎಂಬ ಹೆಸರಿನಲ್ಲಿ. ಆಗ ಎಂಜಿನ್ ಗಾತ್ರದ ಪ್ರಕಾರ ಕಾರುಗಳನ್ನು ವರ್ಗಗಳಾಗಿ ವಿಂಗಡಿಸಿ, ಆಯಾ ವರ್ಗದಲ್ಲಿ ಪಡೆದ ಸ್ಥಾನಕ್ಕೆ ಅಂಕ ಕೊಡುತ್ತಿದ್ದರು. ಮೊದಲ ವರ್ಷವೇ ತೊಡಕಾಯಿತು. ಆಸ್ಟಿನ್ ವೆಸ್ಟ್‌ಮಿನ್‌ಸ್ಟರ್ ಓಡಿಸಿದ ಜ್ಯಾಕ್ ಸಿಯರ್ಸ್ ಮತ್ತು ಜಾಗ್ವಾರ್ ಓಡಿಸಿದ ಟಾಮಿ ಸಾಪ್‌ವಿತ್ ಇಬ್ಬರಿಗೂ ಸಮ ಅಂಕ. ನಾಣ್ಯ ಚಿಮ್ಮಿ ತೀರ್ಮಾನಿಸೋಣ ಎಂಬ ಸಲಹೆ ಬಂತು. ಚಾಲಕರಿಗೆ ಅದು ಹಿಡಿಸಲಿಲ್ಲ. ಕೊನೆಗೆ ಬ್ರಾಂಡ್ಸ್ ಹ್ಯಾಚ್ ಟ್ರ್ಯಾಕಿಗೆ ಒಂದೇ ಮಾದರಿಯ ಎರಡು ರೈಲಿ ಕಾರುಗಳನ್ನು ತಂದರು. ಐದು ಸುತ್ತಿನ ಒಂದು ಓಟ. ಆಮೇಲೆ ಇಬ್ಬರೂ ಕಾರು ಅದಲುಬದಲು ಮಾಡಿಕೊಂಡು ಮತ್ತೆ ಐದು ಸುತ್ತು. ಎರಡರ ಸಮಯ ಕೂಡಿಸಿ ನೋಡಿದರೆ ಸಿಯರ್ಸ್ 1.6 ಸೆಕೆಂಡ್ ಮುಂದೆ. ಅವರು ಮೊದಲ ಚಾಂಪಿಯನ್.

ನನಗೆ ಈ ಕಥೆ ಬಹಳ ಇಷ್ಟ. ಮನೆಯಲ್ಲಿ ನನಗೂ ತಮ್ಮನಿಗೂ ಒಂದೇ ಕೇಕ್ ತುಂಡು ಉಳಿದಾಗ ಅಮ್ಮಿ ಹೇಳುವುದು ಇದನ್ನೇ: ಒಬ್ಬ ಕತ್ತರಿಸಲಿ, ಇನ್ನೊಬ್ಬ ಆರಿಸಿಕೊಳ್ಳಲಿ. ಆದರೆ ಇಪ್ಪತ್ತಕ್ಕೂ ಹೆಚ್ಚು ಚಾಲಕರು ಮೂವತ್ತು ರೇಸಿನಲ್ಲಿ ಕಾರು ಅದಲುಬದಲು ಮಾಡಿಕೊಳ್ಳಲು ಸಾಧ್ಯವಿಲ್ಲ. ಬೇರೆ ಬೇರೆ ಕಂಪನಿಯ ಕಾರುಗಳು ಓಡುವುದೇ ಈ ಆಟದ ಆಕರ್ಷಣೆ. ಹಾಗಾಗಿ ಪೂರ್ತಿ ಸಮಾನತೆ ಸಿಗುವುದಿಲ್ಲ. ಸಿಗುವುದು ಹೊಂದಾಣಿಕೆ ಮಾತ್ರ, ಮತ್ತು ಯಾವ ಹೊಂದಾಣಿಕೆ ಎಂಬುದೇ ಅರವತ್ತು ವರ್ಷಕ್ಕೂ ಮಿಕ್ಕಿದ ಜಗಳ.

ವರ್ಗಗಳ ಪದ್ಧತಿಯಿಂದ ವಿಚಿತ್ರಗಳೂ ನಡೆದವು. 1989ರಲ್ಲಿ ಟ್ರ್ಯಾಕಿನಲ್ಲಿ ಎಲ್ಲರಿಗಿಂತ ಮುಂದೆ ಹೋಗುತ್ತಿದ್ದುದು ಭಾರಿ ಶಕ್ತಿಯ ಫೋರ್ಡ್ ಸಿಯೆರಾ ಕಾರುಗಳು. ಚಾಂಪಿಯನ್ ಆದದ್ದು ಚಿಕ್ಕ ವರ್ಗದ ವಾಕ್ಸ್‌ಹಾಲ್ ಆಸ್ಟ್ರಾ ಓಡಿಸಿದ ಜಾನ್ ಕ್ಲೆಲ್ಯಾಂಡ್. ನಿಯಮದ ಪ್ರಕಾರ ಸರಿ, ಆದರೆ ಟಿವಿ ನೋಡುವವರಿಗೆ ಅರ್ಥವಾಗದು. ಅದಕ್ಕಾಗಿ 1991ರಿಂದ ಎಲ್ಲರಿಗೂ ಎರಡು ಲೀಟರಿನ ಒಂದೇ ವರ್ಗ ಎಂದಾಯಿತು. ಅದೇ ಮುಂದೆ 'ಸೂಪರ್ ಟೂರಿಂಗ್' ಎಂದು ಪ್ರಸಿದ್ಧವಾಯಿತು.

ಹಳೆಯ ಅಭಿಮಾನಿಗಳಿಗೆ ಆ ಕಾಲದ ಹೆಸರೆತ್ತಿದರೆ ಸಾಕು, ಕಣ್ಣು ತುಂಬಿಬರುತ್ತದೆ. ನನ್ನ ಎದುರು ಕಡೆಯ ಗೆಳೆಯ ಆಗ ಹುಟ್ಟಿರಲಿಲ್ಲ, ಆದರೂ ಅವನಿಗೂ ತುಂಬಿಬರುತ್ತದೆ. ನಿಜಕ್ಕೂ ಚೆಂದದ ಕಾಲ. 1994ರಲ್ಲಿ ವೋಲ್ವೊ ಕಂಪನಿ ಎಸ್ಟೇಟ್ ಕಾರನ್ನು, ಅಂದರೆ ಹಿಂದೆ ಸಾಮಾನು ತುಂಬುವ ಉದ್ದನೆಯ ಮನೆಮಂದಿಯ ಕಾರನ್ನು, ರೇಸಿಗೆ ಇಳಿಸಿತು. ಅದೇ ವರ್ಷ ಆಲ್ಫಾ ರೋಮಿಯೊ ತನ್ನ 155 ಮಾದರಿಗೆ ಮುಂದೆ ಹಿಂದೆ ರೆಕ್ಕೆ ಜೋಡಿಸಿಕೊಂಡು ಬಂತು. ನಿಯಮದ ಒಂದು ಸಂದಿಯಲ್ಲಿ ತೂರಿ ಬಂದ ಉಪಾಯ ಅದು. ಉಳಿದ ತಂಡಗಳು ದೂರಿದವು. ಔಲ್ಟನ್ ಪಾರ್ಕಿನಲ್ಲಿ ಅಧಿಕಾರಿಗಳು ರೆಕ್ಕೆಯ ವಿರುದ್ಧ ತೀರ್ಪು ಕೊಟ್ಟಾಗ ಆಲ್ಫಾ ತಂಡ ಗಂಟುಮೂಟೆ ಕಟ್ಟಿಕೊಂಡು ಟ್ರ್ಯಾಕಿನಿಂದಲೇ ಹೊರಟುಹೋಯಿತು! ಆಮೇಲೆ ಮರಳಿ ಬಂದು, ಗೇಬ್ರಿಯೆಲೆ ಟಾರ್ಕ್ವಿನಿ ಆ ವರ್ಷದ ಪ್ರಶಸ್ತಿ ಗೆದ್ದರು. ಮುಂದಿನ ವರ್ಷ ಎಲ್ಲರಿಗೂ ರೆಕ್ಕೆಗೆ ಅನುಮತಿ ಸಿಕ್ಕಿತು. ಅಂದರೆ ಎಲ್ಲರಿಗೂ ರೆಕ್ಕೆಯ ಖರ್ಚು ಬಂತು.

ಮುಂದೆ ನಡೆದದ್ದನ್ನು ನಮ್ಮ ಎಕನಾಮಿಕ್ಸ್ ಪುಸ್ತಕದ ಯಾವ ಅಧ್ಯಾಯಕ್ಕೂ ಉದಾಹರಣೆಯಾಗಿ ಹಾಕಬಹುದು. ಒಂದು ಕಂಪನಿ ಖರ್ಚು ಹೆಚ್ಚಿಸಿತು, ಹಿಂದೆ ಬೀಳಬಾರದೆಂದು ಇನ್ನೊಂದು ಹೆಚ್ಚಿಸಿತು. ಖಾಸಗಿ ಸಣ್ಣ ತಂಡಗಳಿಗೆ ಆ ಬೆಲೆ ಏರಲಾಗಲಿಲ್ಲ. ಒಂದೊಂದಾಗಿ ಕಂಪನಿಗಳೂ ಹೊರಟವು. 2000ದಲ್ಲಿ ಫೋರ್ಡ್ ಮೊಂಡಿಯೊ ಓಡಿಸಿ ಅಲೆನ್ ಮೆನು ಗೆದ್ದ ಹೊತ್ತಿಗೆ ಸೂಪರ್ ಟೂರಿಂಗ್ ಮುಗಿದಿತ್ತು. 2001ರಲ್ಲಿ ಹೊಸ ನಿಯಮಗಳೊಂದಿಗೆ ಶುರುವಾದಾಗ ಮುಖ್ಯ ವರ್ಗದಲ್ಲಿ ಕಾರುಗಳೇ ಇರಲಿಲ್ಲ ಎನ್ನುವಷ್ಟು ಕಡಿಮೆ. ಎಲ್ಲರೂ ಇಷ್ಟಪಡುವ ಆ ಚೆಂದದ ಕಾಲಕ್ಕೆ ಯಾರೂ ಬಿಲ್ ಕಟ್ಟಲಾಗಲಿಲ್ಲ.

ಜಗತ್ತಿನ ಮಟ್ಟದಲ್ಲೂ ಇದೇ ನಡೆಯಿತು. ವಿಶ್ವ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್‌ನಲ್ಲಿ 2014ಕ್ಕೆ ಹೆಚ್ಚು ಶಕ್ತಿಯ, ಹೆಚ್ಚು ದುಬಾರಿಯ ಹೊಸ ಮಾದರಿ ತಂದರು. ಸಿಟ್ರೊಯೆನ್ ಕಂಪನಿ ದೊಡ್ಡ ತಯಾರಿಯೊಂದಿಗೆ ಬಂದು ಎಲ್ಲವನ್ನೂ ಬಾಚಿಕೊಂಡಿತು. ಹೊಸೆ ಮರಿಯಾ ಲೋಪೆಜ್ 2014, 2015, 2016 ಮೂರೂ ವರ್ಷ ಚಾಂಪಿಯನ್. ಅವರು ಅದ್ಭುತ ಚಾಲಕ, ಅದರಲ್ಲಿ ಎರಡು ಮಾತಿಲ್ಲ. ಆ ವರ್ಷಗಳಲ್ಲಿ ನನಗೆ ನೆನಪಿಟ್ಟುಕೊಳ್ಳಬೇಕು ಎನಿಸುವ ಗೆಲುವು ಮಾತ್ರ ಬೇರೆಯವರದು. ಮೊರಾಕ್ಕೊದ ಮೆಹದಿ ಬೆನ್ನಾನಿ 2014ರಲ್ಲಿ ಶಾಂಘೈನಲ್ಲಿ ಖಾಸಗಿ ತಂಡದ ಹೋಂಡಾ ಓಡಿಸಿ ಗೆದ್ದದ್ದು. ಅಂಥ ದಿನಗಳು ಕಡಿಮೆ. 2016ರ ಕೊನೆಗೆ ಸಿಟ್ರೊಯೆನ್ ಹೊರಟಿತು, 2017ರ ಕೊನೆಗೆ ಆ ಚಾಂಪಿಯನ್‌ಷಿಪ್ಪೇ ನಿಂತಿತು. ಅಗ್ಗದ ಟಿಸಿಆರ್ ಕಾರುಗಳೊಂದಿಗೆ ಬೇರೆ ಹೆಸರಿನಲ್ಲಿ ಮತ್ತೆ ಶುರು ಮಾಡಬೇಕಾಯಿತು.

ಬಿಟಿಸಿಸಿ ಬದುಕುಳಿದದ್ದು ಎರಡು ಕೆಲಸ ಮಾಡಿದ್ದರಿಂದ ಎಂದು ನನ್ನ ಅಭಿಪ್ರಾಯ. ಒಂದು ಗೆಲುವಿನ ಭಾರ. ಇನ್ನೊಂದು 2011ರಲ್ಲಿ ತಂದ ಹೊಸ ನಿಯಮಾವಳಿ. ಅದರ ಪ್ರಕಾರ ಗೇರ್‌ಬಾಕ್ಸ್, ಸಸ್ಪೆನ್ಷನ್, ಬ್ರೇಕ್‌ನಂಥ ದುಬಾರಿ ಭಾಗಗಳು ಎಲ್ಲ ಕಾರಿಗೂ ಒಂದೇ. ಎಂಜಿನ್ ಎರಡು ಲೀಟರಿನ ಟರ್ಬೊ. ಸ್ವಂತ ಎಂಜಿನ್ ಕಟ್ಟಿಸುವ ಶಕ್ತಿ ಇಲ್ಲದ ತಂಡ ಸಂಘಟಕರ ಎಂಜಿನ್ನನ್ನು ಬಾಡಿಗೆಗೆ ಪಡೆಯಬಹುದು. ಯಾರು ಯಾವ ಕಾರು ತಂದರೂ ಹೊಟ್ಟೆಯೊಳಗಿನ ಲೆಕ್ಕ ಹೆಚ್ಚುಕಡಿಮೆ ಒಂದೇ. ಇದರ ಫಲ 2013ರಲ್ಲಿ ಕಾಣಿಸಿತು. ಹೋಂಡಾ ಕಂಪನಿಯ ಅಧಿಕೃತ ತಂಡ ಸಿವಿಕ್ ಕಾರುಗಳನ್ನು ಓಡಿಸುತ್ತಿತ್ತು. ಅದೇ ಸಿವಿಕ್ ಇಟ್ಟುಕೊಂಡು, ತನ್ನ ತಂದೆಯ ಖಾಸಗಿ ತಂಡದಲ್ಲಿ ಓಡಿಸಿದ ಆಂಡ್ರ್ಯೂ ಜೋರ್ಡನ್ ಅವರನ್ನೆಲ್ಲ ಹಿಂದೆ ಹಾಕಿ ಚಾಂಪಿಯನ್ ಆದರು. ಅಪ್ಪ ಮಗ ಸೇರಿ ನಡೆಸುವ ಅಂಗಡಿ ಕಂಪನಿಯ ಶೋರೂಮನ್ನು ಸೋಲಿಸಿದ ಹಾಗೆ. ಮಾಮುಗೆ ಇದನ್ನು ಹೇಳಿದಾಗ ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಪೂರ್ತಿ ಕೇಳಿದರು.

ಇದೇ ಗ್ರಿಡ್ಡಿನಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ನಿಕೊಲಸ್ ಹ್ಯಾಮಿಲ್ಟನ್ ಕೂಡ ಓಡಿಸಿದ್ದಾರೆ. ಲೂಯಿಸ್ ಹ್ಯಾಮಿಲ್ಟನ್ ಅವರ ತಮ್ಮ. ಕಾರಿನ ನಿಯಂತ್ರಣಗಳನ್ನು ಅವರ ದೇಹಕ್ಕೆ ಹೊಂದುವಂತೆ ಬದಲಾಯಿಸಿ 2015ರಲ್ಲಿ ಅವರು ಬಿಟಿಸಿಸಿಗೆ ಇಳಿದರು, ಅಂಗವೈಕಲ್ಯವಿರುವ ಮೊದಲ ಚಾಲಕರಾಗಿ. ಅವರ ಕಾರು ಬೇರೆ ಥರ ಇದೆ, ಇದು ಅನ್ಯಾಯ ಎಂದು ಯಾರಾದರೂ ಕೂಗಾಡಿದ್ದನ್ನು ನಾನು ಕೇಳಿಲ್ಲ. ಎಲ್ಲರನ್ನೂ ಒಂದೇ ಥರ ನಡೆಸಿಕೊಂಡರೆ ಮಾತ್ರ ನ್ಯಾಯ ಎನ್ನುವವರು ಇದಕ್ಕೆ ಏನು ಹೇಳುತ್ತಾರೋ.

ಭಾರ ಹೇರಿದರೆ ಪ್ರತಿಭೆ ಸಾಯುತ್ತದೆ, ಯಾರು ಬೇಕಾದರೂ ಗೆಲ್ಲುವ ಲಾಟರಿ ಆಗುತ್ತದೆ ಎನ್ನುವ ವಾದಕ್ಕೆ ನನ್ನ ಬಳಿ ಲೆಕ್ಕ ಇದೆ. ಬಿಟಿಸಿಸಿಯಲ್ಲಿ ಅತಿ ಹೆಚ್ಚು ಪ್ರಶಸ್ತಿ ಅಂದರೆ ನಾಲ್ಕು. ನಾಲ್ಕು ಗೆದ್ದವರು ಮೂವರು. ಆಂಡಿ ರೌಸ್ 1975, 1983, 1984, 1985ರಲ್ಲಿ ಗೆದ್ದರು, ಆಗ ಗೆಲುವಿನ ಭಾರ ಇರಲಿಲ್ಲ. ಕಾಲಿನ್ ಟರ್ಕಿಂಗ್ಟನ್ 2009, 2014, 2018, 2019ರಲ್ಲಿ, ಆಶ್ ಸಟನ್ 2017, 2020, 2021, 2023ರಲ್ಲಿ. ಇವರಿಬ್ಬರೂ ಭಾರ ಹೊತ್ತು ಗೆದ್ದವರು. ಸಟನ್ ಅಂತೂ ಒಮ್ಮೆ ಸುಬಾರು, ಎರಡು ಸಲ ಇನ್ಫಿನಿಟಿ, ಒಮ್ಮೆ ಫೋರ್ಡ್, ಹೀಗೆ ಮೂರು ಬೇರೆ ಕಂಪನಿಯ ಕಾರುಗಳಲ್ಲಿ ಗೆದ್ದರು. ಸೀಸ ಇದ್ದಾಗಲೂ ಗೆದ್ದರು, ಹೈಬ್ರಿಡ್ ಬಂದಮೇಲೂ ಗೆದ್ದರು. ಲಾಟರಿಯಲ್ಲಿ ಒಬ್ಬನಿಗೇ ನಾಲ್ಕು ಸಲ ಬಹುಮಾನ ಬರುವುದಿಲ್ಲ. ಭಾರ ಇದ್ದಾಗ ಪ್ರತಿಭೆ ಬೇರೆ ಥರ ಕಾಣುತ್ತದೆ, ಅಷ್ಟೇ. ಹಗುರ ಕಾರಿನಲ್ಲಿ ಮೊದಲು ಬರುವುದು ಒಂದು ಕಲೆ, 75 ಕಿಲೋ ಹೊತ್ತ ಕಾರಿನಲ್ಲಿ ಟೈರ್ ಉಳಿಸಿಕೊಂಡು ಐದನೆಯವರಾಗಿ ಬಂದು 11 ಅಂಕ ಜೇಬಿಗೆ ಹಾಕಿಕೊಳ್ಳುವುದು ಇನ್ನೊಂದು. ನನಗೆ ಎರಡನೆಯದನ್ನು ನೋಡುವುದೇ ಹೆಚ್ಚು ಇಷ್ಟ. ಟೀಕೆ ಮಾಡುವವರು ಬರೀ ಮೊದಲ ಸ್ಥಾನವನ್ನು ನೋಡುತ್ತಾರೆ.

ಹಾಗೆಂದು ಬಿಟಿಸಿಸಿಯ ಎಲ್ಲ ನಿಯಮಗಳನ್ನೂ ನಾನು ಹೊಗಳುತ್ತಿಲ್ಲ. ನನಗೆ ಗೆಲುವಿನ ಭಾರ ಸರಿ ಎನಿಸುವುದಕ್ಕೆ ಮುಖ್ಯ ಕಾರಣ ಅದರ ಪಟ್ಟಿ ಮೊದಲೇ ಗೊತ್ತಿರುತ್ತದೆ ಎಂಬುದು. ಅಗ್ರಸ್ಥಾನಕ್ಕೆ ಇಷ್ಟು, ಎರಡಕ್ಕೆ ಇಷ್ಟು. ಅದು ಹೆಸರು ನೋಡುವುದಿಲ್ಲ, ಕಂಪನಿ ನೋಡುವುದಿಲ್ಲ, ಸ್ಥಾನ ಮಾತ್ರ ನೋಡುತ್ತದೆ. ಮೊದಲ ಸ್ಥಾನದಿಂದ ನೀನು ಇಳಿದರೆ ಭಾರವೂ ಇಳಿಯುತ್ತದೆ. ಅಧಿಕಾರಿಗಳು ಒಂದು ಕಾರನ್ನು ನೋಡಿ 'ಇದು ಜಾಸ್ತಿ ವೇಗ' ಎಂದು ತೀರ್ಮಾನಿಸಿ ಅದಕ್ಕೆ ಮಾತ್ರ ಲಗಾಮು ಹಾಕುವುದು ಬೇರೆ ಮಾತು. 1996ರಲ್ಲಿ ಔಡಿ ಕಂಪನಿ ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಎ4 ತಂದಿತು. ಫ್ರಾಂಕ್ ಬೀಲಾ ಗೆಲ್ಲುತ್ತಾ ಹೋದರು. ಮೊದಲೇ ಹೆಚ್ಚು ತೂಕ ಹೊತ್ತಿದ್ದ ಆ ಕಾರಿಗೆ ಸೀಸನ್ನಿನ ನಡುವೆಯೇ ಇನ್ನಷ್ಟು ತೂಕ ಸೇರಿಸಿದರು. ಬೀಲಾ ಹೇಗೋ ಪ್ರಶಸ್ತಿ ಗೆದ್ದರು. 1998ಕ್ಕೆ ನಾಲ್ಕು ಚಕ್ರದ ಚಾಲನೆಯನ್ನೇ ನಿಷೇಧಿಸಿದರು. ಇಂದು ಟಿಸಿಆರ್ ರೇಸುಗಳಲ್ಲಿ 'ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್' ಎಂಬ ಹೆಸರಿನಲ್ಲಿ ಪ್ರತಿ ಮಾದರಿಯ ತೂಕ, ಎತ್ತರ, ಎಂಜಿನ್ ಶಕ್ತಿಯನ್ನು ಅಧಿಕಾರಿಗಳು ಹೊಂದಿಸುತ್ತಾರೆ. ಆಗ ತಂಡಗಳಿಗೆ ಹೊಸ ಆಸೆ ಹುಟ್ಟುತ್ತದೆ: ಅಧಿಕಾರಿಗಳ ಕಣ್ಣಿಗೆ ನಿಧಾನವಾಗಿ ಕಾಣಿಸಿಕೊಳ್ಳುವುದು. ಟ್ರ್ಯಾಕಿನಲ್ಲಿ ಬೆವರು ಸುರಿಸುವುದಕ್ಕಿಂತ ಕಚೇರಿಯಲ್ಲಿ ಅರ್ಜಿ ಹಾಕುವುದು ಲಾಭ. ಜಿಎಸ್‌ಟಿ ದರ ಎಲ್ಲರಿಗೂ ಮೊದಲೇ ಗೊತ್ತಿರುವುದಕ್ಕೂ, ಇನ್ಸ್‌ಪೆಕ್ಟರ್ ಬಂದು ಅಂಗಡಿಯ ಜನಜಂಗುಳಿ ನೋಡಿ ದರ ಹೇಳುವುದಕ್ಕೂ ಇರುವ ವ್ಯತ್ಯಾಸ ಇದು. ಮೊದಲನೆಯದಕ್ಕೆ ಗೊಣಗುತ್ತಾ ಕಟ್ಟಬಹುದು. ಎರಡನೆಯದನ್ನು ವಿರೋಧಿಸಬೇಕು.

ದಿನದ ಮೂರನೇ ರೇಸಿನ ಚೀಟಿ ಎತ್ತುವಿಕೆಯೂ ನನಗೆ ಹಿಡಿಸಿಲ್ಲ. ಎರಡನೇ ರೇಸ್ ಮುಗಿದ ಮೇಲೆ ಒಂದು ಸಂಖ್ಯೆ ಎತ್ತುತ್ತಾರೆ. ಎಂಟು ಬಂದರೆ ಎಂಟನೆಯವರು ಮುಂದೆ ನಿಲ್ಲುತ್ತಾರೆ, ಗೆದ್ದವರು ಎಂಟನೇ ಜಾಗಕ್ಕೆ. ಚೀಟಿ ಯಾಕೆ ಎಂಬುದಕ್ಕೂ ಉತ್ತರವಿದೆ. ಹತ್ತನೆಯವರಿಗೆ ಮುಂದಿನ ಜಾಗ ಎಂದು ಮೊದಲೇ ನಿಗದಿ ಮಾಡಿದರೆ, ಕೊನೆಯ ಸುತ್ತಿನಲ್ಲಿ ಒಂಬತ್ತನೆಯವರು ಬ್ರೇಕ್ ಒತ್ತಿ ಹತ್ತನೆಯವರಾಗಲು ನೋಡುತ್ತಾರೆ. ಅದು ಅರ್ಥವಾಗುತ್ತದೆ. ಆದರೂ ಅದೃಷ್ಟದಿಂದ ಸಿಕ್ಕ ಗೆಲುವಿಗೂ ಪೂರ್ತಿ 20 ಅಂಕ ಏಕೆ? ಮೂರನೇ ರೇಸಿಗೆ ಅರ್ಧ ಅಂಕ ಸಾಕು ಎಂಬುದು ನನ್ನ ಸಲಹೆ. ನಮ್ಮ ನಾಲ್ವರಲ್ಲಿ ಇದಕ್ಕೆ ಮೂವರ ವಿರೋಧವಿದೆ. ಅವರಿಗೆ ಇಷ್ಟವಾದದ್ದೇ ಮೂರನೇ ರೇಸ್, ಅದರಲ್ಲೇ ಬಂಪರ್‌ಗಳು ಹೆಚ್ಚು ಉದುರುವುದು.

ಹೈಬ್ರಿಡ್ ತೆಗೆದದ್ದಕ್ಕೆ ಕೆಲವರು ಬೇಸರಪಟ್ಟರು, ಪರಿಸರದ ಮಾತು ಬಾಯಿಗಷ್ಟೇ ಎಂದರು. ನಾನು ಹಾಗೆ ಹೇಳುವುದಿಲ್ಲ. ಇಂಧನವನ್ನು ಪಳೆಯುಳಿಕೆ ಅಲ್ಲದ ಮೂಲದ್ದಕ್ಕೆ ಬದಲಾಯಿಸುವ ಕೆಲಸ ನಡೆದಿದೆ. ಬ್ಯಾಟರಿ ಮೋಟಾರುಗಳಿಂದ ಖರ್ಚು ಹೆಚ್ಚು, ಕಾರು ಭಾರ, ಕೆಟ್ಟರೆ ಸಣ್ಣ ತಂಡದ ಮೆಕ್ಯಾನಿಕ್ ತಾನೇ ಬಿಚ್ಚಿ ಸರಿಮಾಡುವಂಥದ್ದಲ್ಲ. ತೆಗೆದದ್ದೇ ಒಳ್ಳೆಯದಾಯಿತು.

ಮುಂದಿನ ಸೀಸನ್ನುಗಳ ಬಗ್ಗೆ ನನಗಿರುವ ನಿಜವಾದ ಚಿಂತೆ ಭಾರವೂ ಅಲ್ಲ, ಟರ್ಬೊವೂ ಅಲ್ಲ. ಶೋರೂಮು. ಟೂರಿಂಗ್ ಕಾರ್ ರೇಸಿನ ಜೀವ ಇರುವುದು 'ಅಗೋ, ಅದು ನಮ್ಮ ಮನೆಯ ಕಾರು' ಎನ್ನುವ ಮಾತಿನಲ್ಲಿ. ಸಟನ್ 2023ರಲ್ಲಿ ಚಾಂಪಿಯನ್ ಆದದ್ದು ಫೋರ್ಡ್ ಫೋಕಸ್‌ನಲ್ಲಿ. ಒಂದು ಕಾಲದಲ್ಲಿ ಬ್ರಿಟನ್ನಿನ ಬೀದಿ ಬೀದಿಯಲ್ಲಿ ಇದ್ದ ಆ ಫೋಕಸ್ ತಯಾರಿಕೆಯನ್ನು ಫೋರ್ಡ್ 2025ರಲ್ಲಿ ನಿಲ್ಲಿಸಿತು. ಟಾಮ್ ಇಂಗ್ರಾಮ್ 2022ರಲ್ಲೂ 2025ರಲ್ಲೂ ಗೆದ್ದದ್ದು ಹ್ಯುಂಡೈ ಐ30ಯಲ್ಲಿ. ಜೇಕ್ ಹಿಲ್ 2024ರಲ್ಲಿ ಗೆದ್ದದ್ದು ಬಿಎಂಡಬ್ಲ್ಯು 3 ಸೀರೀಸ್‌ನಲ್ಲಿ. ಇವೆಲ್ಲ ತಗ್ಗಿನ, ಚಪ್ಪಟೆ ಕಾರುಗಳು. ಜನ ಈಗ ಕೊಳ್ಳುತ್ತಿರುವುದು ಎತ್ತರದ ಎಸ್‌ಯುವಿಗಳನ್ನು. ಅಲ್ಲೂ ಹಾಗೇ, ಇಲ್ಲೂ ಹಾಗೇ. ನಮ್ಮ ಮೊಹಲ್ಲಾದಲ್ಲಿ ಐದು ವರ್ಷದ ಹಿಂದೆ ಸ್ವಿಫ್ಟ್, ಐ20 ಸಾಲಾಗಿ ನಿಲ್ಲುತ್ತಿದ್ದವು. ಈಗ ಮದುವೆಗೆ ಬಂದವರ ಕಾರುಗಳನ್ನು ನೋಡಿದರೆ ಎಲ್ಲ ಜೀಪಿನ ತಮ್ಮಂದಿರು. ಎತ್ತರದ ಕಾರು ತಿರುವಿನಲ್ಲಿ ವಾಲುತ್ತದೆ, ರೇಸಿಗೆ ಒಗ್ಗುವುದಿಲ್ಲ. ಹಾಗಾದರೆ ಐದಾರು ವರ್ಷದ ನಂತರ ಗ್ರಿಡ್ಡಿನಲ್ಲಿ ನಿಲ್ಲುವುದು ಯಾವುದು?

ನಮ್ಮ ದೇಶದ ಟೂರಿಂಗ್ ಕಾರ್ ರೇಸುಗಳಿಗೂ ಈ ಪ್ರಶ್ನೆ ಬರಲಿದೆ. ಚೆನ್ನೈ ಸಮೀಪದ ಇರುಂಗಾಟ್ಟುಕೋಟೈ ಮತ್ತು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಓಡಿಬಂದದ್ದು ಪೋಲೊ, ಎಟಿಯೊಸ್‌ನಂಥ ಕಾರುಗಳು. ಎರಡೂ ಈಗ ನಮ್ಮ ಶೋರೂಮಿನಲ್ಲಿ ಸಿಗುವುದಿಲ್ಲ. ನಮ್ಮ ರಾಜ್ಯದಲ್ಲಿ ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿ ರ‍್ಯಾಲಿ ನಡೆಯುತ್ತದೆ, ಅದರ ಸೊಗಸೇ ಬೇರೆ, ಆದರೆ ಅದು ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಸ್ಪರ್ಧೆ. ಪಕ್ಕದವನ ಬಂಪರ್ ತಾಗಿಸುವ ಸುಖ ಅಲ್ಲಿಲ್ಲ.

ಮಾಮುವಿನ ಅಭಿಪ್ರಾಯ ಏನೆಂದರೆ ಹಳೆಯ ಮಾದರಿಗಳನ್ನೇ ಇನ್ನೂ ಹತ್ತು ವರ್ಷ ಓಡಿಸಲಿ, ಒಳ್ಳೆಯ ಕಾರಿಗೆ ವಯಸ್ಸಿಲ್ಲ. ಸವಕಳಿಯ ಲೆಕ್ಕ ಹಾಕಿ ಕಲಿತ ನನಗೆ ಇದು ಅಷ್ಟು ಸುಲಭ ಅನಿಸುವುದಿಲ್ಲ. ಮಾರುಕಟ್ಟೆಯಲ್ಲಿ ಇಲ್ಲದ ಕಾರಿಗೆ ಕಂಪನಿ ಯಾಕೆ ದುಡ್ಡು ಹಾಕುತ್ತದೆ? ಆದರೆ ಕಂಪನಿ ದುಡ್ಡು ಹಾಕದಿದ್ದರೂ ನಡೆಯುವ ರೇಸ್ ಕಟ್ಟಿದ್ದೇ ಬಿಟಿಸಿಸಿಯ ಜಾಣತನ ಎಂದು ಮೇಲೆ ನಾನೇ ಬರೆದಿದ್ದೇನೆ. ಹಾಗಾಗಿ ಮಾಮು ಗೆಲ್ಲಬಹುದು. ಎದುರು ಕಡೆಯ ಗೆಳೆಯನಂತೂ ಸದ್ಯಕ್ಕೆ ಎಸ್‌ಯುವಿ, ಶೋರೂಮು ಯಾವುದನ್ನೂ ಕೇಳುವ ಸ್ಥಿತಿಯಲ್ಲಿಲ್ಲ. ಸಟನ್ ಐದನೇ ಪ್ರಶಸ್ತಿ ಗೆಲ್ಲುತ್ತಾರೋ ಇಲ್ಲವೋ, ಅವನಿಗೆ ಅದೊಂದೇ. ಶರತ್ತು ಕಟ್ಟು ಎನ್ನುತ್ತಾನೆ. ಕಟ್ಟುವುದಿಲ್ಲ, ಅಬ್ಬಾಗೆ ಗೊತ್ತಾದರೆ ನನ್ನ ಕಾರಿಗೂ 75 ಕಿಲೋ.